ಚಿಮಣಿ ಏರಿದ ಸೊಸೆ

ಕಲ್ಲಿದ್ದಲಿನ ವಿದ್ಯುತ್ ಸ್ಥಾವರದ ಚಿಮಣಿ ಹತ್ತಿ ಕೆಲಸ ಮಾಡುವವನು ಆ ಊರಿಗೆಲ್ಲ ಒಬ್ಬನೇ. ಹೆತ್ತವರು ಇಟ್ಟ ಹೆಸರು ಅವನಿಗೇ ಮರೆತುಹೋಗುವಷ್ಟು ಎಲ್ಲರೂ ಅವನನ್ನು ಮೇಲಣ್ಣ ಎಂದು ಕರೆದುಬಿಟ್ಟಿದ್ದರು. ಯಾರಾದರೂ ಮನೆ ಬಾಗಿಲಿಗೆ ಬಂದು "ಮೇಲಣ್ಣ ಇದಾರಾ?" ಎಂದು ಕೇಳಿದರೆ ಹೆಂಡತಿ ಕೈಯಲ್ಲಿದ್ದ ಕೆಲಸ ಬಿಡದೆ "ಇಲ್ಲ, ಮೇಲಿದಾರೆ" ಅನ್ನುತ್ತಿದ್ದಳು. ಊರಿಗೆ ಹೊಸದಾಗಿ ಬಂದಿದ್ದ ವಿಮೆಯವನೊಬ್ಬ ಇದನ್ನು ಕೇಳಿ ಮುಖ ಸಣ್ಣದು ಮಾಡಿಕೊಂಡು "ಹೋಗಿ ಎಷ್ಟು ದಿನ ಆಯ್ತಮ್ಮ?" ಎಂದಿದ್ದನಂತೆ. "ಬೆಳಿಗ್ಗೆ ತಾನೇ ಹೋದ್ರು, ಊಟಕ್ಕೆ ಬರ್ತಾರೆ" ಎಂದಳಂತೆ ಅವಳು.

ಅವನ ಕೆಲಸ ಹೇಳಿಕೊಳ್ಳಲು ಸುಲಭ, ಮಾಡಲು ಗುಂಡಿಗೆ ಬೇಕು. ವಿಮಾನಗಳಿಗೆ ಕಾಣಲೆಂದು ಚಿಮಣಿಗೆ ಕಟ್ಟಿದ್ದ ಕೆಂಪು ದೀಪಗಳು ಕೆಟ್ಟರೆ ಬದಲಿಸಬೇಕು. ಕೆಂಪು, ಬಿಳಿ ಪಟ್ಟೆಗಳು ಮಾಸಿದರೆ ಹಗ್ಗದಲ್ಲಿ ಇಳಿಬಿಟ್ಟ ತೂಗುತೊಟ್ಟಿಲಲ್ಲಿ ನಿಂತು ಬಣ್ಣ ಬಳಿಯಬೇಕು. ಸಿಡಿಲನ್ನು ನೆಲಕ್ಕಿಳಿಸುವ ತಾಮ್ರದ ಪಟ್ಟಿ ಸಡಿಲಾಗಿದೆಯೇ ಎಂದು ಕೈಯಾಡಿಸಿ ನೋಡಬೇಕು. ಇಷ್ಟನ್ನೂ ಅವನು ಹರೆಯದಲ್ಲಿ ಸೊಂಟಕ್ಕೊಂದು ಹಗ್ಗ ಬಿಗಿದುಕೊಂಡು ಮಾಡಿದವನು. ಚಿಮಣಿಯ ಸುತ್ತ ಕಟ್ಟಿದ ಅಟ್ಟಣಿಗೆಗಳಲ್ಲಿ ಎಲ್ಲಕ್ಕಿಂತ ಮೇಲಿನದರಲ್ಲಿ ಕಾಲು ಇಳಿಬಿಟ್ಟು ಕೂತು ಬುತ್ತಿ ಬಿಚ್ಚಿ ತಿಂದವನು. "ಮ್ಯಾನೇಜರ್ ಆದ್ರೇನು, ನನ್ನ ಮುಖ ನೋಡ್ಬೇಕಂದ್ರೆ ಕತ್ತು ಎತ್ತಲೇಬೇಕು" ಎಂದು ಚಹಾದಂಗಡಿಯಲ್ಲಿ ಹೇಳಿ ನಗಿಸುತ್ತಿದ್ದ. ನಗುವವರಿಗೂ ಅದು ಬರೀ ತಮಾಷೆಯಲ್ಲ ಎಂದು ಗೊತ್ತಿತ್ತು.

ಸ್ಥಾವರ ಬಂದ ಮೇಲೆ ಊರು ಊರಾಯಿತು. ಮೊದಲು ಇದ್ದದ್ದು ನಾಲ್ಕು ಬೀದಿ, ಆಮೇಲೆ ಬಟ್ಟೆ ಗಿರಣಿ ಬಂತು, ಶೀತಲ ಗೋದಾಮು ಬಂತು, ಆಸ್ಪತ್ರೆ ಬಂತು. ವರ್ಷ ವರ್ಷವೂ ಅವನು ಮೇಲಿನಿಂದ ನೋಡುವಾಗ ಹೊಲಗಳ ಮೇಲೆ ಹೊಸ ಸೂರುಗಳು ಕಾಣುತ್ತಿದ್ದವು. ಕೊನೆಕೊನೆಗೆ ಗೋಡೆ ಗೋಡೆಗೂ ಏಸಿ ಪೆಟ್ಟಿಗೆಗಳು ನೇತಾಡತೊಡಗಿದವು. ಊರು ಉಬ್ಬಿದಷ್ಟೂ ಬಾಯ್ಲರಿನ ಹಸಿವು ಹೆಚ್ಚುತ್ತಿತ್ತು, ರೈಲು ತುಂಬ ಕಲ್ಲಿದ್ದಲು ಬಂದು ಬೀಳುತ್ತಿತ್ತು. ಇದೆಲ್ಲ ತನ್ನ ಕಾಲ ಕೆಳಗೆ ಬೆಳೆದದ್ದರಿಂದಲೋ ಏನೋ, ತಾನೇ ಬೆಳೆಸಿದ್ದು ಎಂದು ಮೇಲಣ್ಣನಿಗೆ ಅನ್ನಿಸುತ್ತಿತ್ತು.

ಇಂಥವನಿಗೆ ಹುಟ್ಟಿದ ಒಬ್ಬನೇ ಮಗ ಎತ್ತರ ಕಂಡರೆ ಬೆವರುವವನು. ಅಟ್ಟದ ಮೇಲಿನ ಡಬ್ಬ ಇಳಿಸಲೂ ಅಮ್ಮನನ್ನು ಕೂಗುತ್ತಿದ್ದ. ಮೀಸೆ ಚಿಗುರುವ ವಯಸ್ಸಿನಲ್ಲಿ ಒಮ್ಮೆ ಅಪ್ಪ ಅವನನ್ನು ಚಿಮಣಿಯ ಮೊದಲ ಅಟ್ಟಣಿಗೆಯವರೆಗೆ ಹತ್ತಿಸಿದ್ದ. ಅಲ್ಲಿ ಕಂಬಿ ಅಪ್ಪಿಕೊಂಡು ಕೂತ ಹುಡುಗನನ್ನು ಬೆನ್ನಿಗೆ ಕಟ್ಟಿಕೊಂಡು ಇಳಿಸಬೇಕಾಯಿತು. ಆಮೇಲೆ ಅವನು ಹೊಲಿಗೆ ಕಲಿತು, ಕಾರ್ಖಾನೆ ಕೆಲಸಗಾರರ ಸಮವಸ್ತ್ರ ಹೊಲಿಯುವ ಅಂಗಡಿ ಇಟ್ಟ. ಕೈ ಒಳ್ಳೆಯದು, ಗಿರಾಕಿಗಳಿಗೆ ಬರವಿರಲಿಲ್ಲ. ಆದರೂ ಅಪ್ಪ ಅವನನ್ನು ಪರಿಚಯ ಮಾಡಿಸುವಾಗ "ಇವನು ನಮ್ಮ ಮಗ, ನೆಲದವನು" ಅನ್ನುತ್ತಿದ್ದ.

ಸೊಸೆ ಸಿಕ್ಕಿದ್ದು ಆ ಅಂಗಡಿಯಲ್ಲೇ. ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿ ಮೋಟಾರು ರಿಪೇರಿ ಅಂಗಡಿಯಲ್ಲಿ ತಂತಿ ಸುತ್ತುತ್ತಿದ್ದ ಹುಡುಗಿ. ಹೆಣ್ಣುಮಕ್ಕಳ ಅಳತೆಯ ಕೆಲಸದ ಉಡುಪು ಪೇಟೆಯಲ್ಲೆಲ್ಲೂ ಸಿಗದೆ ಹೊಲಿಸಲು ಬಂದಳು. ತೋಳು ಗಿಡ್ಡವಾಯಿತೆಂದು ಒಮ್ಮೆ ಬಂದಳು, ಜೇಬು ಚಿಕ್ಕದಾಯಿತೆಂದು ಇನ್ನೊಮ್ಮೆ ಬಂದಳು. ಆಮೇಲೆ ಉಡುಪಿನಲ್ಲಿ ಕುಂದು ಹುಡುಕುವುದನ್ನೂ ಬಿಟ್ಟು ಸುಮ್ಮನೇ ಬರತೊಡಗಿದಳು. ಮದುವೆಯಾಯಿತು.

ಮೊದಲ ಕೆಲವು ತಿಂಗಳು ಮಾವನಿಗೆ ಸೊಸೆ ಎಂದರೆ ಪ್ರಾಣ. ಮಗ ಕೇಳದ ಚಿಮಣಿಯ ಕತೆಗಳನ್ನು ಅವಳು ಕಣ್ಣರಳಿಸಿ ಕೇಳುತ್ತಿದ್ದಳು. ಮೇಲೆ ನಿಂತಾಗ ಚಿಮಣಿ ತೂಗುವುದು ತಿಳಿಯುತ್ತದೆಯೇ, ಗಾಳಿ ಜೋರಾದರೆ ಮೊದಲು ಕಿವಿಗೆ ಗೊತ್ತಾಗುತ್ತದೋ ಕಾಲಿಗೋ ಎಂದೆಲ್ಲ ಕೇಳುವಳು. "ಇವಳು ನಮ್ಮ ಹೊಟ್ಟೇಲಿ ಹುಟ್ಟಬೇಕಿತ್ತು ಕಣೇ" ಎಂದು ಅವನು ಹೆಂಡತಿಗೆ ಹೇಳಿದ್ದ.

ಆಗ ಊರಾಚೆಯ ಗುಡ್ಡಸಾಲಿನ ಮೇಲೆ ಗಾಳಿಯಂತ್ರಗಳು ಏಳತೊಡಗಿದವು. ಊರವರು ಅವನ್ನು ಫ್ಯಾನು ಎಂದರು. ಫ್ಯಾನಿನ ಕಂಪನಿಗೆ ಹತ್ತುವ ಕೆಲಸಗಾರರು ಬೇಕೆಂದು ಪತ್ರಿಕೆಯಲ್ಲಿ ಬಂತು. ಸೊಸೆ ಅರ್ಜಿ ಹಾಕಿದಳು, ಆಯ್ಕೆಯಾದಳು, ತರಬೇತಿಗೆಂದು ದೂರದ ಊರಿಗೆ ಹೋಗಿ ಒಂದು ದೊಡ್ಡ ಚೀಲ ಹೊತ್ತುಕೊಂಡು ಬಂದಳು.

ಚೀಲವನ್ನು ನಡುಮನೆಯಲ್ಲಿ ಬಿಚ್ಚಿದಾಗ ಎಲ್ಲರೂ ಸುತ್ತ ಕೂತರು. ಹೆಗಲಿಗೆ, ತೊಡೆಗೆ ಬಿಗಿಯುವ ಸೇಫ್ಟಿ ಬೆಲ್ಟು, ಅದಕ್ಕೆ ಎರಡು ದೊಡ್ಡ ಕೊಕ್ಕೆ, ಅಂಗೈಗೆ ಚರ್ಮ ಹೊಲಿದ ಕೈಗವಸು, ಗಲ್ಲಕ್ಕೆ ಪಟ್ಟಿಯಿದ್ದ ಹೆಲ್ಮೆಟ್ಟು, ಹೊಸ ವಾಸನೆಯ ಬೂಟು. ಮೇಲಣ್ಣ ಬೆಲ್ಟನ್ನು ಕೈಗೆತ್ತಿಕೊಂಡು ತೂಗಿ ನೋಡಿದ.

"ಇಷ್ಟು ಭಾರ ಹೊತ್ಕೊಂಡು ಹತ್ತೋದಾದ್ರೂ ಹೇಗೆ? ನಾವು ಒಂದು ಹಗ್ಗದಲ್ಲಿ ಜೀವನ ಕಳೆದ್ವಿ."

"ಈಗ ಬರೀ ಹಗ್ಗ ಕಟ್ಕೊಂಡು ಹತ್ತಿದ್ರೆ ಅವತ್ತೇ ಕೆಲಸದಿಂದ ತೆಗೀತಾರೆ ಮಾವ" ಎಂದಳು ಸೊಸೆ.

ಅವಳಿಗೆ ಚುಚ್ಚುವ ಉದ್ದೇಶವಿರಲಿಲ್ಲ. ಆದರೆ ಚುಚ್ಚಿತು. ಇವನ ಜೀವಮಾನದ ಸಾಹಸವನ್ನು ಅವಳು ಒಂದೇ ಮಾತಿನಲ್ಲಿ ತಪ್ಪು ಮಾಡಿಬಿಟ್ಟಿದ್ದಳು. ಬೆಲ್ಟನ್ನು ಕೆಳಗಿಟ್ಟ. ಅವಳು ನೋಡದಿದ್ದಾಗ ಆ ಕೊಕ್ಕೆಯನ್ನು ಮತ್ತೆ ಮುಟ್ಟಿ ನೋಡಿದ. ಬೆರಳೊತ್ತಿದರೆ ತೆರೆಯುತ್ತಿತ್ತು, ಬಿಟ್ಟರೆ ಟಕ್ಕೆಂದು ಮುಚ್ಚುತ್ತಿತ್ತು. ಇಂಥದೊಂದು ತನ್ನ ಕಾಲದಲ್ಲಿ ಯಾರೂ ಕೊಡಲಿಲ್ಲವಲ್ಲ ಎಂಬ ಸಂಕಟಕ್ಕೆ ಏನೆಂದು ಹೆಸರಿಡುವುದು ಎಂದು ಅವನಿಗೆ ತಿಳಿಯಲಿಲ್ಲ. ಬೇರೆಯವರಾಗಿದ್ದರೆ ಹೊಟ್ಟೆಕಿಚ್ಚು ಎನ್ನುತ್ತಿದ್ದರು.

ಒಂದು ಸಂಜೆ ಊಟದ ಹೊತ್ತಿಗೆ ಅವನು ಇದ್ದಕ್ಕಿದ್ದಂತೆ ಕೇಳಿದ, "ನಿಮ್ಮ ಫ್ಯಾನು ಎಷ್ಟೆತ್ತರ?"

"ನಾವು ನಿಲ್ಲೋ ಜಾಗ ಹೆಚ್ಚುಕಮ್ಮಿ ನಿಮ್ಮ ಚಿಮಣಿಯಷ್ಟೇ ಮಾವ. ರೆಕ್ಕೆ ನೆಟ್ಟಗೆ ಮೇಲೆ ಬಂದಾಗ ಅದಕ್ಕಿಂತ ಜಾಸ್ತಿ."

"ರೆಕ್ಕೆ ಲೆಕ್ಕಕ್ಕಿಲ್ಲ."

"ಯಾಕೆ ಮಾವ?"

"ನಾನು ಕೈ ಎತ್ಕೊಂಡು ನಿಂತು, ನಾನೇ ಉದ್ದ ಅಂದ್ರೆ ಯಾರಾದ್ರೂ ಒಪ್ತಾರಾ?"

ಮಗ ನಗು ತಡೆಯಲಾರದೆ, "ಗುಡ್ಡದ ಎತ್ತರಾನೂ ಸೇರಿಸಿದ್ರೆ?" ಎಂದ.

"ನೀನು ಸುಮ್ನಿರು. ನೆಲದವರಿಗೆ ಇದರಲ್ಲಿ ಮಾತಿಲ್ಲ."

ಹೆಂಡತಿ ತಟ್ಟೆಗೆ ಬಡಿಸುತ್ತ, "ಇಬ್ಬರೂ ಇಳಿದು ಊಟ ಮಾಡಿ" ಎಂದಳು.

ಅಲ್ಲಿಂದ ಶುರುವಾದದ್ದು ದಿನಕ್ಕೊಂದು ನೆಪ ಹುಡುಕಿಕೊಂಡಿತು. ಕಂಪನಿಯ ಜೀಪು ಬೇಗ ಬರುತ್ತದೆಂದು ಹೆಂಡತಿ ಸೊಸೆಯ ಬುತ್ತಿಯನ್ನು ಮೊದಲು ಕಟ್ಟಿದರೆ ಅವನಿಗೆ ಕಸಿವಿಸಿ. ಎದುರು ಮನೆಯ ಹುಡುಗಿಯರು ಹೆಲ್ಮೆಟ್ಟು ಹಾಕಿ ನೋಡಲು ಸಾಲುಗಟ್ಟಿದರೆ ಕಸಿವಿಸಿ. ಇಷ್ಟು ವರ್ಷ ಅವನ ಫೋಟೋ ಯಾರೂ ತೆಗೆದಿರಲಿಲ್ಲ. ಅವಳು ಕೆಲಸಕ್ಕೆ ಸೇರಿ ವರ್ಷ ತುಂಬುವ ಮೊದಲೇ ಪತ್ರಿಕೆಯಲ್ಲಿ ಹಲ್ಲು ಬಿಟ್ಟುಕೊಂಡು ನಿಂತಿದ್ದಳು, ಹಿಂದೆ ಮೋಡ. ಆ ಪುಟವನ್ನು ಹೆಂಡತಿ ಗೋಡೆಗೆ ಅಂಟಿಸಿದಳು. ಅವನು ಅದರ ಮೇಲೇ ಕ್ಯಾಲೆಂಡರ್ ತೂಗುಹಾಕಿದ. ಎಲ್ಲಕ್ಕಿಂತ ಉರಿದದ್ದು ಚಹಾದಂಗಡಿಯಲ್ಲಿ. ಯಾರೋ ಹೊಸಬ "ಇವರು ಯಾರು?" ಎಂದದ್ದಕ್ಕೆ ಅಂಗಡಿಯವನು "ಗೊತ್ತಿಲ್ವಾ, ಆ ಫ್ಯಾನ್ ಹತ್ತೋ ಹುಡುಗಿ ಇದಾಳಲ್ಲ, ಅವಳ ಮಾವ" ಎಂದುಬಿಟ್ಟ. ಮೇಲಣ್ಣ ಅರ್ಧ ಕುಡಿದ ಲೋಟ ಇಟ್ಟು ಎದ್ದು ಬಂದ. ಮತ್ತೆ ಆ ಅಂಗಡಿಗೆ ಕಾಲಿಡಲಿಲ್ಲ.

ಗಾಳಿ ಬೀಸದ ದಿನ ಮಾತ್ರ ಅವನ ಮುಖ ಅರಳುತ್ತಿತ್ತು. ಟೆರೇಸಿಗೆ ಹೋಗಿ ಗುಡ್ಡದತ್ತ ನೋಡಿ, ರೆಕ್ಕೆಗಳು ಅಲ್ಲಾಡದೆ ನಿಂತದ್ದನ್ನು ಖಚಿತ ಮಾಡಿಕೊಂಡು ಕೆಳಗಿಳಿಯುವನು.

"ಏನಮ್ಮಾ, ಇವತ್ತು ನಿಮ್ಮ ಫ್ಯಾನಿಗೆ ರಜೆನಾ?"

"ಫ್ಯಾನಿಗೆ ರಜೆ, ನಮಗಿಲ್ಲ ಮಾವ. ಗಾಳಿ ಇಲ್ದಿದ್ದಾಗ್ಲೇ ರಿಪೇರಿ ಮಾಡೋದು."

"ಮತ್ತೆ ಊರಿಗೆ ಕರೆಂಟು ಯಾರು ಕೊಡ್ತಿರೋದು ಈಗ? ನಮ್ಮ ಬಾಯ್ಲರೇ ತಾನೇ?"

"ಹೌದು ಮಾವ, ಈಗ ನೀವೇ ಕೊಡ್ತಿರೋದು."

ಅವಳು ಹೀಗೆ ನೇರವಾಗಿ ಒಪ್ಪಿಕೊಂಡುಬಿಟ್ಟರೆ ಜಗಳಕ್ಕೆ ಹಿಡಿಯಲು ಎಳೆಯೇ ಸಿಗುತ್ತಿರಲಿಲ್ಲ. ಅದಕ್ಕೂ ಅವನಿಗೆ ಸಿಟ್ಟು.

ಹೀಗಿರುವಾಗ ಸ್ಥಾವರ ಮುಚ್ಚುವ ಸುದ್ದಿ ಬಂತು. ಯಂತ್ರಗಳು ಹಳೆಯವು, ಹೊಗೆ ಅತಿಯಾಗಿದೆ, ಕಲ್ಲಿದ್ದಲಿಗೆ ಕೊಡುವ ಬೆಲೆಗೆ ಗಾಳಿ ಬಿಸಿಲುಗಳ ಕರೆಂಟು ಅಗ್ಗ ಬೀಳುತ್ತದೆ ಎಂದು ದೊಡ್ಡವರು ತೀರ್ಮಾನಿಸಿದ್ದರು. ಕಲ್ಲಿದ್ದಲು ರಾಶಿ ಹಾಕುವ ಅಂಗಳದಲ್ಲಿ ಬ್ಯಾಟರಿಗಳನ್ನು ಕೂರಿಸುತ್ತಾರಂತೆ. ಗಾಳಿ ಇದ್ದಾಗ ತುಂಬಿಟ್ಟುಕೊಂಡು ಇಲ್ಲದಾಗ ಊರಿಗೆ ಕೊಡುತ್ತಾರಂತೆ. ಕೆಲವರನ್ನು ಅಲ್ಲಿಗೆ ತೆಗೆದುಕೊಳ್ಳುವರು, ಕೆಲವರನ್ನು ಬೇರೆ ಊರಿಗೆ ಕಳಿಸುವರು, ವಯಸ್ಸಾದವರಿಗೆ ಉಗ್ರಾಣ ಖಾಲಿಯಾಗುವವರೆಗೆ ಉಗ್ರಾಣದ ಕೆಲಸ. ಮೇಲಣ್ಣನದು ಉಗ್ರಾಣ.

ಮನೆಗೆ ಬಂದವನು ಬೂಟು ಕೂಡ ಬಿಚ್ಚದೆ ಸೊಸೆಯ ಮುಂದೆ ನಿಂತ. "ಸಂತೋಷ ಆಯ್ತಾ ನಿಮ್ಮವರಿಗೆ?"

"ನಮ್ಮವರು ಅಂದ್ರೆ ಯಾರು ಮಾವ?"

"ಇಡೀ ಊರು ಬೆಳೆದಿದ್ದು ನಮ್ಮ ಬೆಂಕೀಲಿ. ನಿಮ್ಮ ಫ್ಯಾನಿನ ಕಬ್ಬಿಣ ಕಾಯಿಸೋಕೂ ನಮ್ಮಂಥದೇ ಬೆಂಕಿ ಬೇಕಾಗಿತ್ತು. ಈಗ ಬಂದು ನಾವು ಹೊಗೆ, ನಾವು ಕೊಳಕು."

"ನಾನು ಯಾವತ್ತಾದ್ರೂ ಹಾಗಂದಿದೀನಾ?"

ಅಂದಿರಲಿಲ್ಲ. ಬಾಯ್ಲರಿನ ಬೆಂಕಿ ಆರಿಸಿದ ಮರುವಾರ ಹೆಂಡತಿ ಟೆರೇಸಿನಿಂದ ಒಣಗಿದ ಬಟ್ಟೆ ತಂದು, "ನೋಡಿ, ಬಿಳಿ ಬಟ್ಟೆ ಬಿಳೀ ಇದೆ! ಮಸಿ ಕೊಡವೋ ಕೆಲಸಾನೇ ಇಲ್ಲ" ಎಂದು ಹಿಗ್ಗಿದಳು. ಅವನು ಅವಳ ಕಡೆ ನೋಡಿದ ನೋಟಕ್ಕೆ ಪಾಪ ಅವಳು ಅರ್ಧ ಮಡಿಸಿದ ಅಂಗಿಯನ್ನು ಹಾಗೇ ಎದೆಗೊತ್ತಿಕೊಂಡು ಒಳಗೆ ಹೋದಳು. ಬಾಯ್ಲರು ತಣ್ಣಗಾದರೂ ಇವನ ಹೊಟ್ಟೆಯ ಉರಿ ತಣ್ಣಗಾಗಿರಲಿಲ್ಲ.

ಇನ್ನು ಉಳಿದದ್ದು ಒಂದೇ ಆಸೆ. ಚಿಮಣಿಯನ್ನು ಕೆಡವುವ ಮೊದಲು ಯಾರಾದರೂ ಕೊನೆಯ ಬಾರಿ ಹತ್ತಿ ದೀಪಗಳನ್ನೂ ತಾಮ್ರದ ಪಟ್ಟಿಯನ್ನೂ ಇಳಿಸಬೇಕಿತ್ತು. ಅದು ತನ್ನದೇ ಎಂದು ಅವನು ನಂಬಿದ್ದ. ಆದರೆ ಹತ್ತುವವರಿಗೆಲ್ಲ ವೈದ್ಯರ ಪರೀಕ್ಷೆ ಕಡ್ಡಾಯವಾಗಿತ್ತು. ವೈದ್ಯೆ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ, ಮುಖ ನೋಡಿ, ಇನ್ನೊಮ್ಮೆ ತುಂಬಿದಳು. "ನೀವು ಮೆಟ್ಟಿಲು ಹತ್ತೋದಾದ್ರೂ ನಿಧಾನಕ್ಕೆ ಹತ್ತಿ, ಅಜ್ಜ" ಎಂದಳು. ಅಜ್ಜ! ಅವನು ಅಂಗಿಯ ತೋಳು ಇಳಿಸಿಕೊಂಡು ಹೊರಗೆ ಬಂದ.

ಕೆಲಸ ಗುತ್ತಿಗೆಗೆ ಹೋಯಿತು. ಊರಿನಲ್ಲಿ ಎತ್ತರ ಹತ್ತಬಲ್ಲ ತಂಡ ಎಂದರೆ ಫ್ಯಾನಿನ ಕಂಪನಿಯದು ಮಾತ್ರ. ಇಬ್ಬರನ್ನು ಕಳಿಸುತ್ತೇವೆ ಎಂದರು. ಅವರಲ್ಲಿ ಒಬ್ಬಳು ಮೇಲಣ್ಣನ ಸೊಸೆ.

ಅವಳೇ ಬಂದು ಹೇಳಿದಳು. ಬೇರೆಯವರ ಬಾಯಿಂದ ಕೇಳುವುದು ಬೇಡ ಎಂದುಕೊಂಡಿದ್ದಳೇನೋ. ಅವನು ಹಾಸಿಗೆಯ ಅಂಚಿನಲ್ಲಿ ಕೂತು ರೇಡಿಯೋದ ಮುಳ್ಳು ತಿರುಗಿಸುತ್ತಿದ್ದ.

"ಮಾವ, ನಾನು ಬೇಡ ಅಂದೆ. ಬೇರೆ ಯಾರೂ ಬಿಡುವಾಗಿಲ್ಲ ಅಂದ್ರು."

"ಹೂಂ."

"ಏಣಿ ಹೇಗಿದೆ ಮಾವ? ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರತ್ತೆ?"

ಏಣಿ ಹೇಗಿದೆಯೆಂದು ಅವನಿಗೆ ಗೊತ್ತಿತ್ತು. ಮೂರನೆಯ ಅಟ್ಟಣಿಗೆ ದಾಟಿ ಸ್ವಲ್ಪ ಮೇಲೆ ಒಂದು ಅಡ್ಡಕಂಬಿ ಹಿಂದಿನ ಬೋಲ್ಟಿನ ಹತ್ತಿರ ತುಕ್ಕು ತಿಂದಿತ್ತು. ನೋಡಲು ಗಟ್ಟಿ, ಭಾರ ಬಿದ್ದರೆ ತಿರುಗಿಬಿಡುವುದು. ಅವನು ಅದನ್ನು ಮುಟ್ಟದೆ ದಾಟಿ ಕಾಲಿಟ್ಟು ಹತ್ತುವುದನ್ನು ರೂಢಿ ಮಾಡಿಕೊಂಡಿದ್ದ. ಮುಚ್ಚುವ ಸ್ಥಾವರಕ್ಕೆ ರಿಪೇರಿ ಯಾಕೆ ಎಂದು ಯಾರೂ ಸರಿಮಾಡಿರಲಿಲ್ಲ. ಹೇಳಲು ಒಂದು ಮಾತು ಸಾಕಿತ್ತು. ಮಾತು ನಾಲಗೆಯ ತುದಿಗೂ ಬಂತು. ಆಗ ಅವಳ ಕೈಯಲ್ಲಿದ್ದ ಕೈಗವಸು ಕಣ್ಣಿಗೆ ಬಿತ್ತು. ನನ್ನ ಚಿಮಣಿಯನ್ನೂ ತಗೊಂಡಳು, ಈಗ ನನ್ನ ತಲೆಯಲ್ಲಿರುವುದೂ ಬೇಕೋ ಇವಳಿಗೆ ಎಂದುಕೊಂಡ.

"ಏಣಿ ಏಣಿ ಥರ ಇದೆ" ಎಂದ. "ಅಷ್ಟೆಲ್ಲ ಕೊಕ್ಕೆ, ಬೆಲ್ಟು ಕೊಟ್ಟಿದಾರಲ್ಲ. ನೋಡ್ಕೊಂಡು ಹತ್ತು."

ಅವಳು ಕೈಗವಸನ್ನು ಜೇಬಿಗೆ ತುರುಕಿಕೊಂಡು ಹೋದಳು. ಅವನು ರೇಡಿಯೋ ಶಬ್ದ ಹೆಚ್ಚು ಮಾಡಿದ.

ಮರುದಿನ ಬೆಳಿಗ್ಗೆ ಉಗ್ರಾಣದಲ್ಲಿ ಅವನಿಗೆ ಹಳೆಯ ಬಲ್ಬುಗಳನ್ನು ಬೇರ್ಪಡಿಸುವ ಕೆಲಸ. ಕಿಟಕಿಯಿಂದ ಚಿಮಣಿಯ ಬುಡ ಕಾಣುತ್ತಿತ್ತು. ಸೊಸೆ, ಜೊತೆಗೊಬ್ಬ ಗಟ್ಟಿಮುಟ್ಟಾದ ಯುವಕ, ಇಬ್ಬರೂ ಬೆಲ್ಟು ಬಿಗಿದುಕೊಂಡು ಒಬ್ಬರದನ್ನೊಬ್ಬರು ಎಳೆದು ಪರೀಕ್ಷಿಸುತ್ತಿದ್ದರು. ಆ ಯುವಕನನ್ನು ಅವನು ಒಮ್ಮೆ ಮಗನ ಅಂಗಡಿಯಲ್ಲಿ ನೋಡಿದ್ದ. ಆಗ ಅವನ ಕಂಕುಳಲ್ಲಿ ಒಂದು ಕೂಸಿತ್ತು, ಅದು ಅಳತೆ ಪಟ್ಟಿಯನ್ನು ಬಾಯಿಗಿಟ್ಟುಕೊಂಡು ಜಗಿಯುತ್ತಿತ್ತು. ಮೇಲಣ್ಣ ಬಲ್ಬಿನ ಕಡೆ ತಿರುಗಿದ. ಮತ್ತೆ ಕಿಟಕಿಯ ಕಡೆ ತಿರುಗಿದ. ಅವರು ಮೊದಲ ಅಟ್ಟಣಿಗೆ ದಾಟಿದ್ದರು. ಅವಳ ಹತ್ತುವ ಲಯ ಚೆನ್ನಾಗಿತ್ತು, ಆತುರವಿಲ್ಲ, ಕಾಲಿನ ಮೇಲೇ ಭಾರ. ಮೆಚ್ಚಲೇಬೇಕಾಗಿ ಬಂದದ್ದಕ್ಕೆ ಅವನಿಗೆ ಇನ್ನಷ್ಟು ಉರಿಯಿತು. ಎರಡನೆಯ ಅಟ್ಟಣಿಗೆಯಲ್ಲಿ ಅವರು ನಿಂತು ನೀರು ಕುಡಿದರು. ಆಮೇಲೆ ಮತ್ತೆ ಹೊರಟು ಕಿಟಕಿಗೆ ಕಾಣದಷ್ಟು ಮೇಲೆ ಹೋದರು.

ಅವನು ಬಲ್ಬುಗಳನ್ನು ಎಣಿಸಲು ಕೂತ, ಎಣಿಕೆ ಮತ್ತೆ ಮತ್ತೆ ತಪ್ಪಿತು. ಕೈಯಲ್ಲಿದ್ದ ಬಲ್ಬು ಎಲ್ಲಿಟ್ಟನೋ ತಿಳಿಯದು, ಅಂಗಳಕ್ಕೆ ಓಡಿದ. ಮೆಟ್ಟಿಲನ್ನೂ ನಿಧಾನಕ್ಕೆ ಹತ್ತಿ ಎಂದ ವೈದ್ಯೆಯ ಮಾತು ನೆನಪಿಗೇ ಬರಲಿಲ್ಲ. ಚಿಮಣಿಯ ಬುಡದಲ್ಲಿ ವಾಕಿಟಾಕಿ ಹಿಡಿದು ನಿಂತಿದ್ದ ಮೇಲ್ವಿಚಾರಕನ ತೋಳು ಹಿಡಿದುಕೊಂಡ.

"ನಿಲ್ಲಿಸಿ ಅವರನ್ನ! ಮೂರನೇ ಅಟ್ಟಣಿಗೆ ಮೇಲೆ ಒಂದು ಕಂಬಿ ಸಡಿಲ ಇದೆ. ಅದನ್ನ ಹಿಡಿದ್ರೆ ತಿರುಗತ್ತೆ!"

ಮೇಲ್ವಿಚಾರಕ ಅವನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡ. "ಅವರೇ ಆಗ್ಲೇ ಇದ್ರಲ್ಲಿ ಹೇಳಿದ್ರು ಅಣ್ಣ. ಪ್ರತಿ ಕಂಬೀನೂ ತಟ್ಟಿ ನೋಡ್ಕೊಂಡೇ ಹತ್ತೋದು ಇವರು. ಅದು ಸಿಕ್ತು, ಹಳದಿ ಟೇಪು ಸುತ್ತಿ ಮುಂದೆ ಹೋದ್ರು. ನೋಡಿ ಅಲ್ಲಿ."

ನೋಡಿದ. ಹೊಗೆ ಹಿಡಿದ ಗೋಡೆಯ ಮೇಲೆ ಹಳದಿಯ ಒಂದು ಚುಕ್ಕೆ. ಅದರ ಮೇಲೆ ಎರಡು ಆಕೃತಿಗಳು ಏರುತ್ತಲೇ ಇದ್ದವು.

ಆಗ ಅವನಿಗೆ ಮೊದಲು ಆದದ್ದು ಸಮಾಧಾನ ಎಂದು ಹೇಳಿದರೆ ಸುಳ್ಳಾಗುತ್ತದೆ. ಮೊದಲು ಆದದ್ದು ಅವಮಾನ. ಅವನು ಬಚ್ಚಿಟ್ಟುಕೊಂಡದ್ದು ಅವಳಿಗೆ ಬೇಕಾಗಿಯೇ ಇರಲಿಲ್ಲ. ಕೇಡು ಬಗೆಯಲೂ ತಾನು ಸಾಲದೆ ಹೋದೆನಲ್ಲ ಎನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಗಿ, ಅಲ್ಲೇ ಬಿದ್ದಿದ್ದ ಕೇಬಲ್ ಸುರುಳಿಯ ಮೇಲೆ ಕುಸಿದು ಕೂತ.

ಸಂಜೆ ಅವಳು ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕಾದಿದ್ದಳು. ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಸೊಸೆ ಎಲ್ಲ ಹೇಳಿದಳು. ಅತ್ತೆ ಬಿಡದೆ ಕೇಳಿದಳು. ಪಕ್ಕದ ಕೋಣೆಯಲ್ಲಿ ಮೇಲಣ್ಣನಿಗೆ ಒಂದೊಂದು ಮಾತೂ ಬೀಳುತ್ತಿತ್ತು.

"ನಮ್ಮನೆ ಕಾಣತ್ತೆ ಅತ್ತೆ. ನೀಲಿ ನೀರಿನ ಟ್ಯಾಂಕು, ಪಕ್ಕದಲ್ಲಿ ನಿಮ್ಮ ಬಟ್ಟೆ ತಂತಿ. ಯಾರೋ ಓಡಾಡ್ತಿದ್ರು, ನೀವೇ ಇರ್ಬೇಕು. ಹಸಿರು ಸೀರೆ."

"ಅಯ್ಯೋ, ನಾನೇ! ಬಟ್ಟೆ ತೆಗೀತಿದ್ದೆ. ಅಲ್ಲಿಂದ ನಾನು ಕಾಣ್ತೀನಾ?"

"ಚೆನ್ನಾಗಿ ಕಾಣ್ತೀರಿ. ಆಚೆಗೆ ಹೊಳೆ ಇದೆಯಲ್ಲ, ಅದು ಎರಡು ಸಲ ತಿರುಗಿ ಹೋಗತ್ತೆ, ಕೆಳಗಿಂದ ಗೊತ್ತೇ ಆಗಲ್ಲ."

ಹೆಂಡತಿ ಎದ್ದು ಬಂದು ಕೋಣೆಯ ಬಾಗಿಲಲ್ಲಿ ನಿಂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಕಷ್ಟವಾಯಿತು.

"ಇಷ್ಟು ವರ್ಷ ಮೇಲೆ ಹೋಗಿ ಬಂದ್ರಲ್ಲ, ನಮ್ಮನೆ ಕಾಣತ್ತೆ ಅಂತ ಒಂದಿನಾನಾದ್ರೂ ಹೇಳಿದ್ರಾ? ನಾನು ದಿನಾ ಕೆಳಗಡೆ ನಿಂತು ಆ ಚಿಮಣಿ ಕಡೆ ನೋಡ್ತಿದ್ದೆ. ನೀವು ಇತ್ತಕಡೆ ನೋಡ್ತಿರ್ತೀರಿ ಅಂತ ಗೊತ್ತಿದ್ರೆ ಕೈನಾದ್ರೂ ಬೀಸ್ತಿದ್ದೆ."

"ನೀನು ಕೇಳ್ಲಿಲ್ಲ" ಎಂದ ಅವನು.

ಕತೆಗಳನ್ನು ಅವನು ಊರಿಗೆಲ್ಲ ಹೇಳಿದ್ದ. ತಾನು ಎಷ್ಟೆತ್ತರದಲ್ಲಿದ್ದೆ, ಗಾಳಿ ಎಷ್ಟಿತ್ತು, ಯಾರು ಎಷ್ಟು ಹೆದರಿದರು ಎಂಬ ಕತೆಗಳು. ಅಲ್ಲಿಂದ ಕಂಡದ್ದನ್ನು ಮಾತ್ರ ಯಾರಿಗೂ ಕೊಟ್ಟಿರಲಿಲ್ಲ. ಅದು ತನ್ನೊಬ್ಬನದಾಗಿಯೇ ಇರಲಿ ಎಂದು ಇಟ್ಟುಕೊಂಡಿದ್ದ. ಸೊಸೆ ಒಂದೇ ಸಲ ಹತ್ತಿ, ಇಳಿದು ಬಂದು, ಅತ್ತೆಯ ಮಡಿಲಿಗೆ ಸುರಿದುಬಿಟ್ಟಿದ್ದಳು.

ಅವನು ಟೆರೇಸಿಗೆ ಹೋದ. ಸ್ವಲ್ಪ ಹೊತ್ತಿಗೆ ಅವಳೂ ಬಂದಳು. ನೀರಿನ ಟ್ಯಾಂಕಿಗೆ ಒರಗಿ ನಿಂತಳು.

"ಮೇಲ್ವಿಚಾರಕರು ಹೇಳಿದ್ರು, ನಿಮ್ಮ ಮಾವ ಓಡಿ ಬಂದು ಕಂಬಿ ವಿಷ್ಯ ಹೇಳಿದ್ರು ಅಂತ. ತುಂಬ ಹೊಗಳಿದ್ರು ನಿಮ್ಮನ್ನ." ಆಮೇಲೆ ಕೇಳಿದಳು, "ನಿನ್ನೆ ನಾನು ಕೇಳಿದಾಗ ನಿಮಗೆ ಗೊತ್ತಿತ್ತಾ ಮಾವ?"

ಮರೆತಿದ್ದೆ ಎನ್ನಬಹುದಿತ್ತು. ವಯಸ್ಸು ಅವನ ಕಡೆಗಿತ್ತು, ಅವಳು ನಂಬುತ್ತಿದ್ದಳೋ ಏನೋ.

"ಗೊತ್ತಿತ್ತು."

"ಯಾಕೆ ಹೇಳ್ಲಿಲ್ಲ?"

ಅವನು ಬಟ್ಟೆ ತಂತಿಯ ಕ್ಲಿಪ್ಪೊಂದನ್ನು ಅತ್ತಿತ್ತ ಸರಿಸಿದ. ಅವಳ ದನಿ ಏರಿತು. "ನನ್ನ ಮೇಲೆ ನಿಮಗೆ ಅಸಮಾಧಾನ ಇದೆ ಅಂತ ನನಗೆ ಗೊತ್ತು. ಇರ್ಲಿ ಅಂತ ಸುಮ್ನಿದ್ದೆ. ಇವತ್ತು ನನ್ನ ಜೊತೆ ಬಂದವನು ಏನ್ ಮಾಡಿದ್ದ ನಿಮಗೆ? ಅವನಿಗೆ ಮನೇಲಿ ಇನ್ನೂ ನಡೆಯೋಕೆ ಬಾರದ ಮಗು ಇದೆ. ಅವನೇ ಮೊದಲು ಹತ್ತಿದ್ದು, ಗೊತ್ತಾ? ಟೇಪು ಸುತ್ತಿದ್ದು ಅವನು."

"ತಪ್ಪಾಯ್ತಮ್ಮ."

"ತಪ್ಪಾಯ್ತು ಅಂದ್ರೆ ಆಯ್ತಾ?" ಎಂದು ಕೆಳಗಿಳಿದು ಹೋದಳು.

ಅವಳು ಗಂಡನಿಗೂ ಅತ್ತೆಗೂ ಈ ವಿಷಯ ಬಾಯಿ ಬಿಡಲಿಲ್ಲ. ಮಾವನೊಂದಿಗೂ ಬಾಯಿ ಬಿಡಲಿಲ್ಲ. ಮೊದಲು ಸಂಜೆ ಬಂದ ಕೂಡಲೇ "ಚಹಾ ಆಯ್ತಾ ಮಾವ?" ಅನ್ನುತ್ತಿದ್ದವಳು ಈಗ ಲೋಟವನ್ನು ಅವನ ಪಕ್ಕ ಇಟ್ಟು ಹೋಗುತ್ತಿದ್ದಳು. ಅಷ್ಟಾದರೂ ಸಕ್ಕರೆ ಸರಿಯಾಗಿಯೇ ಇರುತ್ತಿತ್ತು. ಅದೂ ಕುಟುಕುತ್ತಿತ್ತು. ಮಗ "ಏನಾಯ್ತು ನಿಮ್ಮಿಬ್ಬರಿಗೆ?" ಎಂದಾಗ ಇಬ್ಬರೂ "ಏನಿಲ್ಲ" ಎಂದು ಒಂದೇ ದನಿಯಲ್ಲಿ ಹೇಳಿದರು.

ಚಿಮಣಿಯನ್ನು ಒಂದು ಭಾನುವಾರ ಕೆಡವಿದರು. ಜನ ಮನೆಯ ಮಾಳಿಗೆಗಳ ಮೇಲೆ ನೆರೆದಿದ್ದರು. ಬುಡದಲ್ಲಿ ಧೂಳೆದ್ದು, ಸದ್ದು ಆಮೇಲೆ ಬಂತು. ಕುಡಿದವನು ನೆಲ ಹುಡುಕುವಂತೆ ಚಿಮಣಿ ಒಂದು ಗಳಿಗೆ ತಡೆದು, ಪಕ್ಕಕ್ಕೆ ವಾಲಿ, ಮಲಗಿಬಿಟ್ಟಿತು. ಕೆಲವರು ಚಪ್ಪಾಳೆ ತಟ್ಟಿದರು. ಹೆಂಡತಿ ಅವನ ಮುಂಗೈ ಹಿಡಿದುಕೊಂಡಿದ್ದಳು. ಅವನು ಅಳಲಿಲ್ಲ. ಅಳು ಬರುತ್ತದೆಂದು ಕಾದಿದ್ದ, ಬರಲಿಲ್ಲ ಅಷ್ಟೇ. ತಿರುಗಿ ನೋಡಿದರೆ ಸೊಸೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಳುವುದರಲ್ಲೂ ನನಗಿಂತ ಮುಂದೆ ಎಂದುಕೊಂಡ, ಮತ್ತು ಹಾಗೆಂದುಕೊಂಡದ್ದಕ್ಕೆ ತನಗೇ ಒಳಗೊಳಗೆ ನಗು ಬಂತು. ಎಷ್ಟೋ ತಿಂಗಳ ಮೇಲೆ ಬಂದ ನಗು.

ಉಗ್ರಾಣವೂ ಖಾಲಿಯಾಗಿ ಮನೆಯಲ್ಲೇ ಕೂರುವಂತಾದ ಮೇಲೆ, ಒಂದು ಬೆಳಿಗ್ಗೆ ಜೀಪು ಬರುವ ಹೊತ್ತಿಗೆ ಅವನು ಅಂಗಿ ತೊಟ್ಟು, ಬೂಟು ಹಾಕಿ ಬಾಗಿಲಲ್ಲಿ ನಿಂತಿದ್ದ.

"ಒಂದಿನ ನನ್ನನ್ನೂ ಕರ್ಕೊಂಡು ಹೋಗ್ತೀಯಾ?"

ಸೊಸೆ ಬೆಲ್ಟಿನ ಚೀಲ ಹೆಗಲಿಗೇರಿಸುತ್ತ, "ಬಂದು ಏನ್ ಮಾಡ್ತೀರಿ? ಒಳಗೆ ಬಿಡಲ್ಲ" ಎಂದಳು.

"ಹೊರಗೇ ಕೂತಿರ್ತೀನಿ."

ಅವಳು ಜೀಪಿನ ಹಿಂದಿನ ಬಾಗಿಲು ತೆರೆದು ಸರಿದು ನಿಂತಳು.

ಗುಡ್ಡದ ಮೇಲೆ ಅವನು ಜೀಪಿನ ನೆರಳಲ್ಲಿ ಕೂತ. ಫ್ಯಾನಿನ ಕಂಬ ಅವನು ಎಣಿಸಿದ್ದಕ್ಕಿಂತ ದಪ್ಪವಿತ್ತು, ಬುಡದಲ್ಲಿ ಒಂದು ಉಕ್ಕಿನ ಬಾಗಿಲು. ಸೊಸೆ ಮತ್ತು ಅವಳ ಜೊತೆಗಾರ ಅದರೊಳಗೆ ಹೋದರು. ಬಾಗಿಲು ಮುಚ್ಚಿತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಮೇಲಿನ ಪೆಟ್ಟಿಗೆಯಂಥ ಕೋಣೆಯ ಮುಚ್ಚಳ ತೆರೆದು ಒಂದು ಪುಟ್ಟ ಆಕೃತಿ ಹೊರಗೆ ಬಂದು ನಿಂತಿತು. ಇವನ ಕಾಲ ಹೆಬ್ಬೆರಳಿನ ಉಗುರಿನಷ್ಟು. ಅವಳೇ ಎಂದು ನಿಂತ ರೀತಿಯಿಂದ ಗೊತ್ತಾಯಿತು. ಅಂಚಿನ ಕಡೆಗೆ ಬಗ್ಗಿದಳು. ಇವನು ದಿಗ್ಗನೆ ಎದ್ದ.

"ಕೊಕ್ಕೆ ಹಾಕಿದಾಳಾ? ನೋಡಪ್ಪಾ, ನಿನ್ನ ಕಣ್ಣಿಗೆ ಕಾಣತ್ತಾ?"

ಜೀಪಿನ ಚಾಲಕ ಪತ್ರಿಕೆಯಿಂದ ಕಣ್ಣೆತ್ತಿದ. "ಹಾಕಿರ್ತಾರೆ ಬಿಡಿ. ನೀವು ಇದೇ ಕೆಲಸ ಮಾಡ್ದೋರಂತೆ, ನೀವೇ ಇಷ್ಟು ಹೆದರಿದ್ರೆ?"

"ನಾನು ಮೇಲಿದ್ದೆ ಕಣಯ್ಯಾ. ಕೆಳಗೆ ನಿಂತು ನೋಡಿಲ್ಲ ಯಾವತ್ತೂ."

ಮಧ್ಯಾಹ್ನದ ಹೊತ್ತಿಗೆ ಅವನ ಕತ್ತು ಮರಗಟ್ಟಿತ್ತು. ಬುತ್ತಿ ಬಿಚ್ಚಿದ, ತಿನ್ನದೆ ಮತ್ತೆ ಕಟ್ಟಿಟ್ಟ. ಬಿಸಿಲು ಬಾಗಿದ ಮೇಲೆ ಉಕ್ಕಿನ ಬಾಗಿಲು ತೆರೆದು ಇಬ್ಬರೂ ಹೊರಗೆ ಬಂದರು. ಅವಳ ಮುಖದಲ್ಲಿ ಗ್ರೀಸು ಮೆತ್ತಿತ್ತು. ತೆರೆದ ಬಾಗಿಲಿನೊಳಗೆ ಅವನು ಇಣುಕಿದ. ಅಲ್ಲಿ ಒಂದು ಕಬ್ಬಿಣದ ಪಂಜರ, ಅದಕ್ಕೊಂದು ಗುಂಡಿ.

"ಇದೇನು?"

"ಲಿಫ್ಟು ಮಾವ. ಸಾಮಾನು ಇರತ್ತಲ್ಲ."

"ಲಿಫ್ಟಾ?" ಎಂದ. ಮತ್ತೊಮ್ಮೆ "ಲಿಫ್ಟಾ!" ಎಂದ. ಮುಖ ಮೆಲ್ಲಗೆ ಅರಳುತ್ತ ಹೋಯಿತು. "ಅಂದ್ರೆ ನೀನು ಹತ್ತೋದೇ ಇಲ್ಲ! ಗುಂಡಿ ಒತ್ತಿ ನಿಂತ್ಕೋತೀಯಾ! ಇದನ್ನ ಯಾಕೆ ಇಷ್ಟು ದಿನ ಹೇಳ್ಲಿಲ್ಲ?"

"ಕೊನೇ ಭಾಗ ಏಣಿ ಹತ್ತಲೇಬೇಕು. ಲಿಫ್ಟು ಕೆಟ್ರೆ ಪೂರ್ತಿ..."

"ಆ, ಆ. ಕೆಟ್ಟಾಗ ತಾನೇ!"

ಜೊತೆಗಾರ ನಗು ತಡೆಯಲು ಆಚೆ ತಿರುಗಿಕೊಂಡ. ಜೀಪು ಗುಡ್ಡ ಇಳಿಯುವ ತನಕ ಮೇಲಣ್ಣ ಕಿಟಕಿಯಾಚೆ ನೋಡಿಕೊಂಡು ಒಬ್ಬನೇ ಖುಷಿಪಡುತ್ತಿದ್ದ. ಊರಿನ ಹತ್ತಿರ ಬಂದಾಗ ಸೊಸೆ ಕೇಳಿದಳು, "ಹೇಗಿತ್ತು ಮಾವ?"

ಮೇಲಣ್ಣ ಜೊತೆಗಾರನ ಕಡೆ ಒಮ್ಮೆ ನೋಡಿದ, ಅವನು ಸೀಟಿಗೊರಗಿ ನಿದ್ದೆ ಹೋಗಿದ್ದ. ತಗ್ಗಿದ ದನಿಯಲ್ಲಿ ಹೇಳಿದ, "ಹೊಟ್ಟೆಕಿಚ್ಚಾಯ್ತು ಕಣಮ್ಮ. ಲಿಫ್ಟು ಇದ್ರೂ ಆಯ್ತು. ಈ ವಯಸ್ಸಲ್ಲಿ ನಿನ್ನ ಮೇಲೆ ಹೊಟ್ಟೆಕಿಚ್ಚು ಪಡ್ತೀನಿ, ಅದು ಹೋಗ್ತಾನೇ ಇಲ್ಲ. ಅವತ್ತು ಮಾಡಿದ್ದು ಮಾತ್ರ ಇನ್ಯಾವತ್ತೂ ಮಾಡಲ್ಲ."

ಅವಳು ಕೈಗವಸು ಕಳಚಿ ಮಡಿಲಲ್ಲಿಟ್ಟುಕೊಂಡಳು. "ಅವನಿಗೂ ಹೇಳ್ಬೇಕು ನೀವು" ಎಂದಳು, ಮಲಗಿದ್ದ ಜೊತೆಗಾರನ ಕಡೆ ಕಣ್ಣು ತೋರಿಸಿ.

"ಹೇಳ್ತೀನಿ."

ಹೇಳಿದ. ಮರುವಾರ ಮಗನ ಅಂಗಡಿಗೆ ಆ ಜೊತೆಗಾರ ಬಂದಾಗ, ಹೊರಗೆ ಕರೆದುಕೊಂಡು ಹೋಗಿ ನಿಂತಲ್ಲೇ ಹೇಳಿದ. ಆ ಯುವಕ ಪೂರ್ತಿ ಕೇಳಿ, ಬಟ್ಟೆಯ ಗಂಟು ತೆಗೆದುಕೊಂಡು ಹೋದ. ಇವತ್ತಿಗೂ ಎದುರು ಸಿಕ್ಕರೆ ತಲೆಯಾಡಿಸುತ್ತಾನೆ, ಮಾತಾಡುವುದಿಲ್ಲ. ಅದು ಸರಿಯಾದದ್ದೇ ಎಂದು ಮೇಲಣ್ಣ ಹೆಂಡತಿಯ ಹತ್ತಿರ ಹೇಳುತ್ತಾನೆ. ಈಗ ಅವಳಿಗೂ ಎಲ್ಲ ಗೊತ್ತು.

ಸೊಸೆ ಮತ್ತೆ "ಚಹಾ ಆಯ್ತಾ ಮಾವ?" ಎನ್ನಲು ಶುರುಮಾಡಿದಳು. ಅವನು ಚಹಾದಂಗಡಿಗೆ ಹೋಗಲು ಶುರುಮಾಡಿದ. ಅಲ್ಲಿ ಸೊಸೆಯ ವಿಷಯ ಬಂದರೆ ಪೂರ್ತಿ ಹೊಗಳಿ, ಕೊನೆಗೆ "ಆದ್ರೆ ಲಿಫ್ಟಿದೆ" ಎಂದು ಸೇರಿಸದೆ ಬಿಡುವುದಿಲ್ಲ. ಕಳೆದ ತಿಂಗಳು ಕಂಪನಿಯವರು ಅವಳನ್ನು ಹೊಸಬರಿಗೆ ತರಬೇತಿ ಕೊಡುವ ಹುದ್ದೆಗೆ ಏರಿಸಿದರು. ಮನೆಯಲ್ಲಿ ಎಲ್ಲರೂ ಸಂಭ್ರಮಪಟ್ಟರು. ಅವನೂ ಪಟ್ಟ. ಆಮೇಲೆ ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಬೇಗ ಹೋಗಿ ಮಲಗಿದ. ಹೆಂಡತಿ ಏನಾಯಿತೆಂದು ಕೇಳಲಿಲ್ಲ, ಮಗ್ಗುಲಿಗೆ ಒಂದು ತಂಬಿಗೆ ನೀರು ತಂದಿಟ್ಟು ದೀಪ ಆರಿಸಿದಳು.